ಸಿಗರೇಟು ಬಿಡಿಸಲು ಇ-ಸಿಗರೇಟು: ಅಳತೆಯಿಲ್ಲದ ಮದ್ದು

ಮಾನ್ಯ ಸಂಪಾದಕರೇ,

ಸಿಗರೇಟು ಬಿಡಬೇಕೆಂದು ಮನಸ್ಸು ಮಾಡಿದವರು ಈಗೀಗ ಮೊದಲು ಕೇಳುವುದು ಒಂದೇ ಪ್ರಶ್ನೆ: 'ವೇಪ್ ಹಿಡಿದರೆ ಸಿಗರೇಟು ತಾನಾಗಿ ಬಿಟ್ಟುಹೋಗುತ್ತದಂತೆ, ನಿಜವೇ?' ವೇಪ್ ಎಂದರೆ ಇ-ಸಿಗರೇಟು. ಲಂಡನ್ನಿನಲ್ಲಿರುವ ಭಾವ ಹಾಗೆ ಹೇಳಿರುತ್ತಾರೆ, ಇಲ್ಲವೇ ದುಬೈನಿಂದ ಬಂದ ಗೆಳೆಯ ಒಂದನ್ನು ಕೈಗೇ ಕೊಟ್ಟಿರುತ್ತಾನೆ. ಹೀಗೆ ಕೇಳುವವರನ್ನು ಗದರಿಸಿ ಕಳಿಸಬಾರದು. ಬಿಡುವ ಆಸೆಯಿಂದಲೇ ಅವರು ಕೇಳುತ್ತಿದ್ದಾರೆ. ಅವರಿಗೆ ಸಲ್ಲಬೇಕಾದ ಉತ್ತರ ಹೌದು, ಇಲ್ಲ ಎಂಬ ಒಂದು ಮಾತಿನಲ್ಲಿ ಮುಗಿಯುವುದಿಲ್ಲ. ಆದ್ದರಿಂದ ಈ ಪತ್ರ ತುಸು ಉದ್ದವಾಗಿದೆ. ದಯವಿಟ್ಟು ಜಾಗ ಕೊಡಿ.

ಸಿಗರೇಟಿನಲ್ಲಿ ಚಟ ಹತ್ತಿಸುವುದು ನಿಕೋಟಿನ್, ಪ್ರಾಣಕ್ಕೆ ಎರವಾಗುವುದು ಮುಖ್ಯವಾಗಿ ಹೊಗೆ. ದಮ್ಮು ಎಳೆದಾಗ ತುದಿಯ ಕೆಂಡ ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಏರುತ್ತದೆ. ಆ ಉರಿಯಲ್ಲಿ ಎಲೆ ಸುಟ್ಟು ಏಳು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳು ಹುಟ್ಟುತ್ತವೆ, ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ಜೊತೆಗೆ ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಕಸಿದುಕೊಳ್ಳುವ ಕಾರ್ಬನ್ ಮಾನಾಕ್ಸೈಡ್. ಇ-ಸಿಗರೇಟಿನಲ್ಲಿ ಸುಡುವ ಕೆಲಸವಿಲ್ಲ. ಒಂದು ಬ್ಯಾಟರಿ, ಒಂದು ಲೋಹದ ಸುರುಳಿ, ಅದಕ್ಕೆ ತಾಗಿದ ಹತ್ತಿಯ ಬತ್ತಿ, ಬತ್ತಿ ಹೀರಿಕೊಳ್ಳುವ ದ್ರವ, ಇಷ್ಟೇ ಅದರ ಒಳಗಿರುವುದು. ದ್ರವ ಎಂದರೆ ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳ ಮತ್ತು ನಿಕೋಟಿನ್. ಎಳೆದಾಗ ಸುರುಳಿ ಕಾದು ದ್ರವವನ್ನು ಸಣ್ಣ ಹನಿಗಳ ಮಂಜು ಮಾಡುತ್ತದೆ. 2003ರಲ್ಲಿ ಚೀನಾದ ಔಷಧತಜ್ಞ ಹಾನ್ ಲಿಕ್ ರೂಪಿಸಿದ ಈ ಸಾಧನದಲ್ಲಿ ಟಾರ್ ಎಂಬ ಹೊಗೆಯ ಜಿಗುಟು ಮಸಿ ಇಲ್ಲ, ಕಾರ್ಬನ್ ಮಾನಾಕ್ಸೈಡ್ ಇಲ್ಲವೆನ್ನುವಷ್ಟು ಕಡಿಮೆ. ಸಿಗರೇಟನ್ನು ಪೂರ್ತಿ ಬಿಟ್ಟು ಇದಕ್ಕೆ ಬದಲಾದವರ ಮೈಗೆ ಸೇರುವ ವಿಷ ತೀರಾ ಕಡಿಮೆಯಾಗುತ್ತದೆ. ಇದನ್ನು ಮುಚ್ಚಿಟ್ಟು ಮಾತಾಡಿದರೆ ಓದಿದವರು ನಮ್ಮ ಉಳಿದ ಮಾತನ್ನೂ ನಂಬುವುದಿಲ್ಲ. ಆದರೆ ಕಡಿಮೆ ಹಾನಿ ಎಂದ ಮಾತ್ರಕ್ಕೆ ಹಾನಿಯೇ ಇಲ್ಲ ಎಂದಾಗುವುದಿಲ್ಲ. ಸಿಗರೇಟು ಮುಟ್ಟದ ಹುಡುಗ ಹುಡುಗಿಯರಿಗಂತೂ ಇದರಿಂದ ಲಾಭವೇನೂ ಇಲ್ಲ, ಬರುವುದು ಚಟವೊಂದೇ.

ಬ್ರಿಟನ್ನಿನ ಉದಾಹರಣೆ ಕೊಡುವವರು ಸಾಮಾನ್ಯವಾಗಿ ನೆನಪಿಸುವುದು 2019ರಲ್ಲಿ ಪ್ರಕಟವಾದ ಅಧ್ಯಯನವನ್ನು. ಇಂಗ್ಲೆಂಡಿನ ಧೂಮಪಾನ ಬಿಡಿಸುವ ಕೇಂದ್ರಗಳಿಗೆ ತಾವಾಗಿ ಬಂದ 886 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಇ-ಸಿಗರೇಟು, ಇನ್ನೊಂದಕ್ಕೆ ನಿಕೋಟಿನ್ ಇರುವ ಪ್ಯಾಚ್ (ಚರ್ಮಕ್ಕೆ ಅಂಟಿಸುವ ಪಟ್ಟಿ), ಅಗಿಯುವ ಗಮ್ ಮೊದಲಾದವನ್ನು ಕೊಟ್ಟರು. ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ಶೇ 18, ಎರಡನೆಯದರಲ್ಲಿ ಶೇ 9.9ರಷ್ಟು ಮಂದಿ ಸಿಗರೇಟು ಬಿಟ್ಟಿದ್ದರು. ಬಿಟ್ಟೆ ಎಂದವರ ಬಾಯಿಮಾತನ್ನಷ್ಟೇ ನಂಬದೆ ಉಸಿರಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಅಳೆದು ನೋಡಿದ ಲೆಕ್ಕ ಇದು. ಫಲಿತಾಂಶ ಗಟ್ಟಿಯಾಗಿದೆ, ಅಲ್ಲಗಳೆಯುವಂತಿಲ್ಲ.

ಆದರೆ ಅದರ ಒಳವಿವರ ಓದಬೇಕು. ಅವರಿಗೆ ಕೊಟ್ಟ ದ್ರವದಲ್ಲಿ ಪ್ರತಿ ಮಿಲಿಲೀಟರಿಗೆ 18 ಮಿ.ಗ್ರಾಂ ನಿಕೋಟಿನ್ ಎಂದು ಅಳತೆ ಗೊತ್ತಿತ್ತು. ಸಿಗರೇಟು ಬಿಡುವ ದಿನ ನಿಗದಿಯಾಗಿತ್ತು. ಆ ದಿನದಿಂದ ಕನಿಷ್ಠ ನಾಲ್ಕು ವಾರ, ವಾರಕ್ಕೊಮ್ಮೆ ತರಬೇತಿ ಪಡೆದ ಸಮಾಲೋಚಕರು ಎದುರು ಕುಳಿತು ವಿಚಾರಿಸುತ್ತಿದ್ದರು. ಇಷ್ಟೆಲ್ಲ ಇದ್ದೂ ಇ-ಸಿಗರೇಟಿನಿಂದ ಬಿಟ್ಟ 79 ಮಂದಿಯಲ್ಲಿ 63 ಮಂದಿ ವರ್ಷದ ನಂತರವೂ ಅದನ್ನು ಎಳೆಯುತ್ತಲೇ ಇದ್ದರು. ಪ್ಯಾಚ್, ಗಮ್ ಬಳಸಿ ಬಿಟ್ಟ 44 ಮಂದಿಯಲ್ಲಿ ಇನ್ನೂ ಅವನ್ನು ಬಳಸುತ್ತಿದ್ದವರು ನಾಲ್ವರು ಮಾತ್ರ. ಸಿಗರೇಟು ಬಿಡುವುದು ಬೇರೆ, ನಿಕೋಟಿನ್ ಬಿಡುವುದು ಬೇರೆ. ನಿಮಗೆ ಯಾವುದು ಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ.

ಇನ್ನು ನಮ್ಮಲ್ಲಿ ಕೈಗೆ ಸಿಗುವ ವೇಪ್ ಎಂಥದ್ದು ನೋಡೋಣ. ಕರ್ನಾಟಕದಲ್ಲಿ ಇ-ಸಿಗರೇಟಿಗೆ 2016ರಲ್ಲೇ ನಿಷೇಧ ಬಂತು. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿತು, ಡಿಸೆಂಬರಿನಲ್ಲಿ ಅದು ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಾಸ್ತಾನು ಇಟ್ಟುಕೊಂಡರೆ ಆರು ತಿಂಗಳವರೆಗೆ ಜೈಲು, ಅಥವಾ 50 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆದ್ದರಿಂದ ಇಲ್ಲಿ ಸಿಗುವುದೆಲ್ಲ ಕದ್ದು ಬಂದ ಮಾಲು. ಅದರೊಳಗೆ ಏನಿದೆ, ಎಷ್ಟಿದೆ ಎಂದು ಯಾರೂ ಪರೀಕ್ಷಿಸಿರುವುದಿಲ್ಲ.

ಲೆಕ್ಕ ಹಾಕಿ ನೋಡಿ. ಬ್ರಿಟನ್ನಿನ ಕಾನೂನು ಪ್ರತಿ ಮಿಲಿಲೀಟರಿಗೆ 20 ಮಿ.ಗ್ರಾಂ ನಿಕೋಟಿನ್ ದಾಟಲು ಬಿಡುವುದಿಲ್ಲ, ಸಾಧನದಲ್ಲಿ ದ್ರವ ತುಂಬುವ ತೊಟ್ಟಿಯಲ್ಲಿ ಒಮ್ಮೆಗೆ 2 ಮಿ.ಲೀ. ಮಾತ್ರ. ಅಂದರೆ ಒಂದು ಭರ್ತಿಗೆ 40 ಮಿ.ಗ್ರಾಂ. ಕಳ್ಳದಾರಿಯಲ್ಲಿ ಬರುವ ಬಿಸಾಡುವ ವೇಪ್‌ಗಳ ಮೇಲೆ '5 ಪರ್ಸೆಂಟ್' ಎಂದಿದ್ದರೆ ಅದು ಮಿಲಿಲೀಟರಿಗೆ 50 ಮಿ.ಗ್ರಾಂ. ಒಳಗೆ 10 ಮಿ.ಲೀ. ದ್ರವವಿದ್ದರೆ ಒಟ್ಟು 500 ಮಿ.ಗ್ರಾಂ. ಒಂದು ಸಿಗರೇಟಿನಿಂದ ಮೈಗೆ ಸೇರುವ ನಿಕೋಟಿನ್ ಸುಮಾರು 1ರಿಂದ 2 ಮಿ.ಗ್ರಾಂ. ವೇಪ್‌ನಲ್ಲಿರುವುದೆಲ್ಲ ಮೈಗೆ ಸೇರುವುದಿಲ್ಲ, ನಿಜ. ಆದರೂ ಅಂತರ ಎಷ್ಟೆಂದು ನೀವೇ ಅಂದಾಜು ಮಾಡಬಹುದು. ಇಷ್ಟು ತೀಕ್ಷ್ಣವಾದ ನಿಕೋಟಿನ್ ಗಂಟಲು ಸುಡಬೇಕಿತ್ತು. ಸುಡದಿರಲಿ ಎಂದೇ ಬೆಂಜೋಯಿಕ್ ಆಮ್ಲ ಸೇರಿಸಿ ನಿಕೋಟಿನನ್ನು ಲವಣರೂಪಕ್ಕೆ ತರುತ್ತಾರೆ, ಮೇಲೆ ಮಾವು, ಪುದೀನದ ಪರಿಮಳ. ಸಿಗರೇಟಾದರೆ ಒಂದು ಕಡ್ಡಿ ಮುಗಿದಾಗ ಮುಗಿಯಿತು. ಇದಕ್ಕೆ ಮುಗಿಯುವ ಜಾಗವೇ ಇಲ್ಲ. ಹಾಸಿಗೆಯಲ್ಲಿ, ಕಾರಿನಲ್ಲಿ, ಕಚೇರಿಯ ಶೌಚಾಲಯದಲ್ಲಿ ಎರಡೆರಡು ದಮ್ಮು ಎಳೆಯುತ್ತ ದಿನವಿಡೀ ನಡೆಯುತ್ತದೆ. ಹತ್ತು ಸಿಗರೇಟಿನವನು ತಿಳಿಯದೆ ಇಪ್ಪತ್ತು ಸಿಗರೇಟಿನ ನಿಕೋಟಿನ್‌ಗೆ ಒಗ್ಗಿಕೊಳ್ಳುವುದು ಹೀಗೆ.

ಇದಕ್ಕಿಂತ ದೊಡ್ಡ ತೊಂದರೆ ಎರಡನ್ನೂ ಇಟ್ಟುಕೊಳ್ಳುವುದು. ಮನೆಯಲ್ಲಿ ವಾಸನೆ ಬಾರದಿರಲೆಂದು ವೇಪ್, ಟೀ ಅಂಗಡಿಯ ಮುಂದೆ ಸಿಗರೇಟು. 'ಹತ್ತಿದ್ದದ್ದು ಮೂರಕ್ಕಿಳಿಸಿದ್ದೇನೆ' ಎಂಬ ಸಮಾಧಾನ ಬೇರೆ. ಹೃದಯ ಈ ಲೆಕ್ಕ ಒಪ್ಪುವುದಿಲ್ಲ. ದಿನಕ್ಕೆ 20 ಸಿಗರೇಟಿನಿಂದ ಹೆಚ್ಚುವ ಹೃದಯಾಘಾತದ ಅಪಾಯದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ದಿನಕ್ಕೆ ಒಂದೇ ಒಂದು ಸೇದಿದರೂ ಉಳಿಯುತ್ತದೆಂದು 2018ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆ ತೋರಿಸಿತು. ಮೂರಕ್ಕಿಳಿಸಿದವರು ಆ ಮೂರನ್ನು ಆಳವಾಗಿ ಎಳೆದು, ತುದಿವರೆಗೂ ಸೇದುತ್ತಾರೆ ಎಂಬುದೂ ಗೊತ್ತಿರುವ ಸಂಗತಿಯೇ.

ಸಾಧನವೂ ಕೈಕೊಡುತ್ತದೆ. ದ್ರವ ತೀರುತ್ತ ಬಂದಾಗ ಬತ್ತಿ ಒಣಗಿ ಸುರುಳಿ ಅತಿಯಾಗಿ ಕಾಯುತ್ತದೆ, ಗ್ಲಿಸರಿನ್ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್ ಆಗುತ್ತದೆ. ಬಾಯಿಗೆ ಬರುವ ಸುಟ್ಟ ರುಚಿ ಅದರದೇ. 2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದವರಿಗೆ ಶ್ವಾಸಕೋಶದ ತೀವ್ರ ಕಾಯಿಲೆ ಹಬ್ಬಿ, 2020ರ ಫೆಬ್ರುವರಿ ವೇಳೆಗೆ 2,807 ಪ್ರಕರಣ, 68 ಸಾವು ದಾಖಲಾದವು. ಮುಖ್ಯ ಕಾರಣ ಗಾಂಜಾ ಸಾರದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಅದನ್ನು ನಿಕೋಟಿನ್ ವೇಪ್‌ನ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಆ ಮಾಲಿನಲ್ಲಿ ಬಹುಪಾಲು ಬಂದದ್ದು ಕಳ್ಳಮಾರುಕಟ್ಟೆಯಿಂದ ಎಂಬುದನ್ನು ನಾವು ಮರೆಯಬಾರದು, ಏಕೆಂದರೆ ನಮ್ಮಲ್ಲಿರುವುದು ಆ ಮಾರುಕಟ್ಟೆ ಒಂದೇ.

ಬ್ರಿಟನ್ನಿನಲ್ಲಿ ನೆಲೆಸಿ, ಕಾನೂನಿನ ಒಳಗೇ ಈ ದಾರಿ ಹಿಡಿದ ಕನ್ನಡಿಗರಿಗೆ ನಾಲ್ಕು ಮಾತು. ಅಲ್ಲಿನ ಸರ್ಕಾರಿ ಧೂಮಪಾನ ಬಿಡಿಸುವ ಸೇವೆಗೆ ಹೆಸರು ಕೊಟ್ಟು ಆರಂಭಿಸಿ. ದಿನಕ್ಕೆ 20 ಸೇದುವವರು ಮಿಲಿಲೀಟರಿಗೆ 3 ಅಥವಾ 6 ಮಿ.ಗ್ರಾಂ ನಿಕೋಟಿನ್ ಇರುವ ದ್ರವದಿಂದ ಶುರುಮಾಡಿದರೆ ಸಾಲದೆ ವಾರದೊಳಗೆ ಸಿಗರೇಟಿಗೆ ಮರಳುತ್ತಾರೆ, 18ರಿಂದ 20 ಬೇಕು. ಸಿಗರೇಟಿನಂತೆ ಚುರುಕಾಗಿ ಎಳೆಯದೆ ಮೂರು ನಾಲ್ಕು ಸೆಕೆಂಡು ನಿಧಾನ ಎಳೆಯಬೇಕು. ದ್ರವ ತುಂಬಿದ ಮೇಲೆ ಬತ್ತಿ ನೆನೆಯಲು ಹತ್ತು ನಿಮಿಷ ಬಿಡಿ, ಸುಟ್ಟ ರುಚಿ ಬಂದರೆ ಸುರುಳಿ ಬದಲಿಸಿ. ಎರಡು ವಾರದೊಳಗೆ ಸಿಗರೇಟು ಪೂರ್ತಿ ನಿಲ್ಲಬೇಕು. ನಿಂತು ಎರಡು ಮೂರು ತಿಂಗಳಾದ ಮೇಲೆ 20ರಿಂದ 12, 6, 3, ಸೊನ್ನೆ ಎಂದು ಇಳಿಯಿರಿ. ಇಳಿದ ಮೆಟ್ಟಿಲಲ್ಲಿ ಸಿಗರೇಟಿನ ಆಸೆ ಮತ್ತೆ ಕಾಡಿದರೆ ಒಂದು ಮೆಟ್ಟಿಲು ಹಿಂದೆ ಹೋಗಿ. ದ್ರವದ ಬಾಟಲಿ ಮಕ್ಕಳ ಕೈಗೆ ಸಿಗಬಾರದು, ಸ್ವಲ್ಪ ನುಂಗಿದರೂ ಪುಟ್ಟ ಮಗುವಿನ ಜೀವಕ್ಕೆ ಅಪಾಯ. ಊರಿಗೆ ಬರುವಾಗ ಅದನ್ನು ಅಲ್ಲೇ ಬಿಟ್ಟು ಪ್ಯಾಚ್ ತನ್ನಿ. ನೆಂಟರಿಗೆ ಉಡುಗೊರೆಯೆಂದು ವೇಪ್ ತರುವುದನ್ನಂತೂ ದಯವಿಟ್ಟು ನಿಲ್ಲಿಸಿ.

ಇಲ್ಲಿರುವವರಿಗೆ ಕಾನೂನಿನ ಒಳಗೇ, ಅಳತೆ ಗೊತ್ತಿರುವ ಮದ್ದುಗಳಿವೆ. 'ಅದೂ ನೋಡಿದೆ, ಕೆಲಸ ಮಾಡಲಿಲ್ಲ' ಎನ್ನುವವರಲ್ಲಿ ಹೆಚ್ಚಿನವರು ಅದನ್ನು ಬಳಸಿದ ಕ್ರಮವೇ ತಪ್ಪಾಗಿರುತ್ತದೆ. ನಮಗೆ ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ.

ನಿಕೋಟಿನ್ ಗಮ್ 2 ಮತ್ತು 4 ಮಿ.ಗ್ರಾಂನಲ್ಲಿ ಬರುತ್ತದೆ. 2 ಮಿ.ಗ್ರಾಂ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಸಿಗುತ್ತದೆ, 4ಕ್ಕೆ ವೈದ್ಯರ ಚೀಟಿ ಬೇಕು. ಯಾವುದು ನಿಮಗೆ? ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಮೊದಲ ಸಿಗರೇಟು ಹಚ್ಚುವವರಾದರೆ 4, ಆಮೇಲಾದರೆ 2. ದಿನಕ್ಕೆಷ್ಟು ಸೇದುತ್ತೀರಿ ಎಂಬುದಕ್ಕಿಂತ ಈ ಒಂದು ಪ್ರಶ್ನೆ ಚಟದ ಬೇರು ಎಷ್ಟು ಆಳವೆಂದು ಚೆನ್ನಾಗಿ ಹೇಳುತ್ತದೆ. ಗಮ್ಮನ್ನು ನಿಧಾನವಾಗಿ ಹತ್ತು ಹದಿನೈದು ಸಲ ಅಗಿಯಿರಿ, ಮೆಣಸಿನಂತೆ ಚುರುಕು ತಟ್ಟಿದ ತಕ್ಷಣ ಅಗಿಯುವುದನ್ನು ನಿಲ್ಲಿಸಿ ಕೆನ್ನೆ ಮತ್ತು ವಸಡಿನ ನಡುವೆ ಒತ್ತರಿಸಿಡಿ. ಚುರುಕು ಆರಿದ ಮೇಲೆ ಮತ್ತೆ ಅಗಿಯಿರಿ, ಮತ್ತೆ ಇನ್ನೊಂದು ಬದಿಗಿಡಿ. ಹೀಗೆ ಅರ್ಧ ಗಂಟೆ. ನಿಕೋಟಿನ್ ಹೀರಲ್ಪಡುವುದು ಬಾಯೊಳಗಿನ ತೆಳು ಚರ್ಮದಿಂದ. ಬಬಲ್ ಗಮ್ಮಿನಂತೆ ಎಡೆಬಿಡದೆ ಅಗಿದರೆ ಎಲ್ಲ ಜೊಲ್ಲಿನೊಂದಿಗೆ ಹೊಟ್ಟೆಗಿಳಿದು ಬಿಕ್ಕಳಿಕೆ, ಎದೆಯುರಿ ಬರುತ್ತದೆ, ಚಪಲ ಮಾತ್ರ ಹಾಗೇ ಉಳಿಯುತ್ತದೆ. ಎಲೆಅಡಿಕೆ, ಗುಟ್ಕಾ ಅಭ್ಯಾಸವಿದ್ದವರು ಅದೇ ರೂಢಿಯಲ್ಲಿ ಅಗಿದು ಉಗಿದುಬಿಡುತ್ತಾರೆ. ಆಗ ಮದ್ದೇ ನೆಲಕ್ಕೆ ಹೋಯಿತು.

ಇನ್ನೊಂದು ತಪ್ಪು ಕಾಫಿ, ಟೀ ಜೊತೆಗೆ ಗಮ್ ಹಾಕಿಕೊಳ್ಳುವುದು. ಕಾಫಿ, ನಿಂಬೆ ಶರಬತ್ತು, ತಂಪು ಪಾನೀಯ ಬಾಯಿಯನ್ನು ಹುಳಿಯಾಗಿಸುತ್ತವೆ, ಹುಳಿಯಲ್ಲಿ ನಿಕೋಟಿನ್ ಹೀರಲ್ಪಡುವುದಿಲ್ಲ. ಗಮ್ಮಿಗೆ ಹದಿನೈದು ನಿಮಿಷ ಮುಂಚೆ ಮತ್ತು ಬಾಯಲ್ಲಿರುವಷ್ಟು ಹೊತ್ತು ನೀರನ್ನು ಬಿಟ್ಟು ಬೇರೇನೂ ಬೇಡ. ಸಿಗರೇಟಿನ ನಿಕೋಟಿನ್ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಮಿದುಳಿಗೆ ಮುಟ್ಟಿದರೆ ಗಮ್ಮಿನದು ಪೂರ್ತಿ ಏರಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಹಾಗಾಗಿ ಹನ್ನೊಂದಕ್ಕೆ ಟೀ ಅಂಗಡಿಗೆ ಹೋಗುವ ರೂಢಿಯಿದ್ದರೆ ಹತ್ತೂವರೆಗೆ ಗಮ್ ಹಾಕಿ, ಮುಗಿಸಿ, ಆಮೇಲೆ ಟೀ ಕುಡಿಯಿರಿ. ಕಾಫಿಯ ಬಗ್ಗೆ ಹೇಳಬೇಕಾದದ್ದು ಮತ್ತೊಂದಿದೆ. ತಂಬಾಕಿನ ಹೊಗೆ ಕೆಫೀನನ್ನು ಬೇಗ ಕರಗಿಸುವ ಪಿತ್ತಜನಕಾಂಗದ ಕಿಣ್ವವನ್ನು ಹೆಚ್ಚಿಸಿರುತ್ತದೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ವೇಗ ಇಳಿದು, ಎಂದಿನಷ್ಟೇ ಫಿಲ್ಟರ್ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕೈನಡುಕ, ಎದೆಬಡಿತ, ನಿದ್ದೆಗೇಡು ಬಂದಾಗ ಇವೆಲ್ಲ ಸಿಗರೇಟು ಬಿಟ್ಟದ್ದರ ಫಲ ಎಂದುಕೊಂಡು ಮತ್ತೆ ಹಚ್ಚಿದವರಿದ್ದಾರೆ. ಬಿಡುವ ದಿನದಿಂದಲೇ ಕಾಫಿ ಅರ್ಧಕ್ಕಿಳಿಸಿ. ಇದೇ ಕಿಣ್ವದಿಂದ ಕರಗುವ ಮಾನಸಿಕ ಕಾಯಿಲೆಯ ಕ್ಲೊಜಪಿನ್, ಒಲಾಂಜಪಿನ್, ಉಬ್ಬಸದ ಥಿಯೋಫಿಲಿನ್ ಮಾತ್ರೆ ತೆಗೆದುಕೊಳ್ಳುವವರು ಸಿಗರೇಟು ಬಿಡುವ ಮುಂಚೆಯೇ ತಮ್ಮ ವೈದ್ಯರಿಗೆ ತಿಳಿಸಿ ಪ್ರಮಾಣ ಸರಿಪಡಿಸಿಕೊಳ್ಳಲೇಬೇಕು.

ಎಷ್ಟು ಗಮ್? ಮೊದಲ ಆರು ವಾರ ಒಂದೆರಡು ಗಂಟೆಗೊಂದು, ದಿನಕ್ಕೆ ಕನಿಷ್ಠ ಒಂಬತ್ತು. ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ದಿನಕ್ಕೆ ಎರಡು ಮೂರು ಅಗಿದು ಹತ್ತು ದಿನಕ್ಕೇ ಕೈಬಿಟ್ಟವರು ಗಮ್ಮನ್ನು ದೂರುವುದು ಅನ್ಯಾಯ. ಹಲ್ಲಿನ ಸೆಟ್ಟು ಇರುವವರಿಗೆ ಚೀಪುವ ಲಾಜೆಂಜ್ ಇದೆ, ಅದನ್ನು ಕಡಿಯಬಾರದು.

ಪ್ಯಾಚ್ ಎಂದರೆ ಚರ್ಮಕ್ಕೆ ಅಂಟಿಸುವ ಪಟ್ಟಿ. ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಿಗೆ 21 ಮಿ.ಗ್ರಾಂ ಆರು ವಾರ, 14 ಎರಡು ವಾರ, 7 ಎರಡು ವಾರ. ಹತ್ತು ಅಥವಾ ಅದಕ್ಕಿಂತ ಕಡಿಮೆಯಾದರೆ 14ರಿಂದ ಆರಂಭ. ಸ್ನಾನ ಮಾಡಿ ಚೆನ್ನಾಗಿ ಒರೆಸಿಕೊಂಡು, ಕೂದಲಿಲ್ಲದ ತೋಳು ಅಥವಾ ಎದೆಯ ಮೇಲೆ ಹತ್ತು ಸೆಕೆಂಡು ಅಂಗೈಯಿಂದ ಒತ್ತಿ. ಎಣ್ಣೆ, ಪೌಡರ್ ಹಚ್ಚಿದ ಚರ್ಮಕ್ಕೆ ಅಂಟುವುದಿಲ್ಲ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ, ಕರಾವಳಿಯ ಸೆಕೆಯಲ್ಲಿ ಬೆವರಿಗೆ ಅಂಚು ಏಳುತ್ತದೆ, ಮೇಲೆ ವೈದ್ಯಕೀಯ ಟೇಪ್ ಅಂಟಿಸಿದರಾಯಿತು. ದಿನಾ ಜಾಗ ಬದಲಿಸಿ, ಇಲ್ಲದಿದ್ದರೆ ತುರಿಕೆ. ಕೆಟ್ಟ ಕನಸು, ನಿದ್ದೆಗೇಡು ಬಂದರೆ ಮಲಗುವ ಮುಂಚೆ ತೆಗೆದುಬಿಡಿ. ದಿನವಿಡೀ ಸಮನಾಗಿ ನಿಕೋಟಿನ್ ಕೊಡುವುದು ಪ್ಯಾಚ್, ನಡುನಡುವೆ ಎದ್ದ ಚಪಲಕ್ಕೆ ಗಮ್. ಎರಡನ್ನೂ ಸೇರಿಸಿ ಬಳಸಿದಾಗ ಯಾವುದಾದರೂ ಒಂದಕ್ಕಿಂತ ಹೆಚ್ಚು ಜನ ಬಿಡುತ್ತಾರೆಂಬುದಕ್ಕೆ ಬಲವಾದ ಪುರಾವೆಯಿದೆ. ಗರ್ಭಿಣಿಯರು, ಎರಡು ವಾರದೊಳಗೆ ಹೃದಯಾಘಾತವಾದವರು ವೈದ್ಯರನ್ನು ಕೇಳದೆ ಯಾವುದನ್ನೂ ಆರಂಭಿಸಬಾರದು.

ನಿಕೋಟಿನ್ ಇಲ್ಲದ ಮಾತ್ರೆಗಳಲ್ಲಿ ವರೆನಿಕ್ಲಿನ್ ಹೆಚ್ಚು ಪರಿಣಾಮಕಾರಿ. ವೈದ್ಯರ ಚೀಟಿ ಕಡ್ಡಾಯ. ಬಿಡುವ ದಿನಕ್ಕೆ ಒಂದು ವಾರ ಮುಂಚೆ ಶುರು: ಮೂರು ದಿನ ದಿನಕ್ಕೊಂದು 0.5 ಮಿ.ಗ್ರಾಂ, ಆಮೇಲೆ ನಾಲ್ಕು ದಿನ ಅದೇ ಎರಡು ಹೊತ್ತು, ಎಂಟನೆಯ ದಿನದಿಂದ 1 ಮಿ.ಗ್ರಾಂ ಎರಡು ಹೊತ್ತು, ಒಟ್ಟು ಹನ್ನೆರಡು ವಾರ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ, ಊಟದ ನಂತರ ಲೋಟ ತುಂಬ ನೀರಿನೊಂದಿಗೆ ತೆಗೆದುಕೊಳ್ಳಿ. ಮೂತ್ರಪಿಂಡದ ತೊಂದರೆ ಇದ್ದರೆ ಪ್ರಮಾಣ ಇಳಿಸಬೇಕಾಗುತ್ತದೆ. ಬುಪ್ರೊಪಿಯಾನ್ ಇನ್ನೊಂದು, ಆದರೆ ಫಿಟ್ಸ್ ಇರುವವರಿಗೆ ಅದು ಸಲ್ಲದು.

ಬಿಟ್ಟ ಎರಡನೇ ಮೂರನೇ ದಿನ ಅತಿ ಕಷ್ಟದವು. ಸಿಡುಕು, ಹಸಿವು, ಮಲಬದ್ಧತೆ, ಬಾಯಿಹುಣ್ಣು, ಕೆಲವರಿಗೆ ಕೆಮ್ಮು ಹೆಚ್ಚುವುದೂ ಉಂಟು. ಎರಡರಿಂದ ನಾಲ್ಕು ವಾರದಲ್ಲಿ ಬಹುಪಾಲು ತಗ್ಗುತ್ತದೆ. ಚಪಲದ ಒಂದೊಂದು ಅಲೆ ನಿಲ್ಲುವುದು ಐದು ನಿಮಿಷ, ಹೆಚ್ಚೆಂದರೆ ಹತ್ತು. ಆ ಹೊತ್ತಿಗೆ ಒಂದು ಲೋಟ ನೀರು, ನಾಲ್ಕು ಹೆಜ್ಜೆ ನಡಿಗೆ, ಯಾರಿಗಾದರೂ ಒಂದು ಫೋನ್. ಮನೆಯವರೂ ಈ ಹದಿನೈದು ದಿನ ಸಿಡುಕನ್ನು ಸಹಿಸಿಕೊಳ್ಳಬೇಕು, 'ಇದಕ್ಕಿಂತ ಸೇದುತ್ತಿದ್ದದ್ದೇ ವಾಸಿ' ಎಂಬ ಮಾತು ಮಾತ್ರ ಬಾಯಿಂದ ಬರಬಾರದು. ಸಿಗರೇಟಿನ ಬದಲು ಪಾನ್ ಮಸಾಲ, ಖೈನಿ ಹಾಕಿಕೊಳ್ಳುವುದು ಶ್ವಾಸಕೋಶದ ಕ್ಯಾನ್ಸರನ್ನು ಬಾಯಿಗೆ ತಂದುಕೊಂಡಂತೆ. ನಡುವೆ ಒಂದು ಸೇದಿಬಿಟ್ಟರೆ ಪ್ಯಾಚ್ ಕಿತ್ತೆಸೆಯಬೇಡಿ. ಪ್ಯಾಕನ್ನು ಎಸೆದು, ಮದ್ದು ಮುಂದುವರಿಸಿ.

ಬೀಡಿ ಸೇದುವವರನ್ನು ಈ ಇಡೀ ಚರ್ಚೆಯಲ್ಲಿ ಯಾರೂ ನೆನೆಯುವುದಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ 4, ಬೀಡಿಯವರು ಶೇ 7.7. ವೇಪ್ ಕೊಳ್ಳುವ ಮಾತು ಅವರಿಗೆ ಹತ್ತಿರವೂ ಸುಳಿಯದು. ಬೀಡಿಯ ತೆಂಡು ಎಲೆಯಲ್ಲಿ ಗಾಳಿಯಾಡುವುದಿಲ್ಲ, ಆರದಂತೆ ಪದೇಪದೇ ಎಳೆಯಬೇಕು, ಹಾಗಾಗಿ ನಿಕೋಟಿನ್, ಟಾರ್, ಕಾರ್ಬನ್ ಮಾನಾಕ್ಸೈಡ್ ಸಿಗರೇಟಿಗೆ ಕಡಿಮೆಯಿಲ್ಲದಂತೆ ಒಳಹೋಗುತ್ತವೆ. ಗಮ್ ಮತ್ತು ಪ್ಯಾಚಿನ ಅಳತೆ ಅವರಿಗೂ ಇದೇ.

ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿದರೆ ಬಿಡುವ ದಿನ ಗೊತ್ತುಮಾಡಿ, ಆಮೇಲೂ ಅವರೇ ಕರೆ ಮಾಡಿ ವಿಚಾರಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರವಿದೆ. ಈ ಸಂಖ್ಯೆ ಪ್ರತಿ ಪ್ಯಾಕಿನ ಮೇಲೆ ಅಚ್ಚಾಗಿರುತ್ತದೆ. ಆದರೆ ಅಂಗಡಿಯಲ್ಲಿ ಒಂದೊಂದೇ ಬಿಡಿಯಾಗಿ ಕೊಳ್ಳುವವರು ಪ್ಯಾಕನ್ನೇ ನೋಡುವುದಿಲ್ಲ. ತಮ್ಮ ಪತ್ರಿಕೆ ಈ ಸಂಖ್ಯೆಯನ್ನು ಆಗಾಗ ಒಂದು ಮೂಲೆಯಲ್ಲಾದರೂ ಅಚ್ಚು ಹಾಕಿದರೆ ದೊಡ್ಡ ಉಪಕಾರ. ಮೆಡಿಕಲ್ ಶಾಪಿನವರು ಗಮ್ ಕೊಡುವಾಗ ಅಗಿಯುವ ಕ್ರಮವನ್ನು ಒಂದು ನಿಮಿಷ ಹೇಳಿಕೊಡಲಿ. ನಿಕೋಟಿನ್ ಬದಲಿ ಚಿಕಿತ್ಸೆ (ಗಮ್, ಪ್ಯಾಚ್ ಮೊದಲಾದವು) 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಗೆ ಸೇರಿದೆ. ಸಣ್ಣ ಊರುಗಳಲ್ಲಿ ಪ್ಯಾಚ್ ಹುಡುಕಿದರೂ ಸಿಗುವುದು ಕಷ್ಟ. ತಾಲ್ಲೂಕು ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ಒಬ್ಬರಿಗೆ ಹತ್ತು ವಾರಕ್ಕೆ ಸಾಲುವಷ್ಟು ಪ್ಯಾಚ್ ಮತ್ತು ಗಮ್, ಒಂದೇ ಸಲಕ್ಕೆ ಕೊಡದೆ ಎರಡೆರಡು ವಾರಕ್ಕೆ ಕರೆದು ಉಸಿರು ಪರೀಕ್ಷಿಸಿ ಕೊಡುವಂತೆ ಆರೋಗ್ಯ ಇಲಾಖೆ ವ್ಯವಸ್ಥೆ ಮಾಡಬೇಕೆಂದು ಈ ಮೂಲಕ ಕೇಳಿಕೊಳ್ಳುತ್ತೇವೆ.

ಇಂತಿ,
ತಂಬಾಕು ವ್ಯಸನಮುಕ್ತಿ ಸಮಾಲೋಚಕರು ಮತ್ತು ಔಷಧತಜ್ಞರು
ಮೈಸೂರು